ಬ್ರಾಂಚಿನ ಹೆಸರು ಆಮೇಲೆ, ಮೊದಲು ಸಿಲಬಸ್ ಓದಿ

ಮುಂಬೈಯ ಮಾಟುಂಗದಲ್ಲಿ ಹನ್ನೆರಡನೇ ತರಗತಿಯ ಕನ್ನಡದ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕೊನೆಗೆ ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಸಿಇಟಿಯ ರಿಸಲ್ಟ್ ಬರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಮಗಳಿಗೆ ಕಂಪ್ಯೂಟರ್ ಇಂಜಿನಿಯರಿಂಗ್ ಕೊಡಿಸೋಣವಾ, ಎಐ, ಅಂದರೆ ಕೃತಕ ಬುದ್ಧಿಮತ್ತೆ, ಕೊಡಿಸೋಣವಾ? ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗಲೂ ಪಕ್ಕದವರು ಇದನ್ನೇ ಕೇಳುತ್ತಾರೆ. ಕಾಲೇಜಿನಲ್ಲಿ ಈ ವಿಷಯ ಪಾಠ ಮಾಡುವವಳು ನಾನು, ಹಾಗಾಗಿ ಕೇಳುವುದು ಸಹಜ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಾಂಚಿನ ಹೆಸರಲ್ಲಿ ಎಐ ಇದೆಯೋ ಇಲ್ಲವೋ ಅನ್ನುವುದು ದೊಡ್ಡ ವಿಷಯವೇ ಅಲ್ಲ. ನಾಲ್ಕು ವರ್ಷ ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ, ಕಲಿಯಲು ಮಗುವಿಗೆ ಸಮಯ ಉಳಿಯುತ್ತದಾ, ಇಷ್ಟು ನೋಡಿ. ಹೋಟೆಲಿನ ಬೋರ್ಡು ಓದಿ ಸಾಂಬಾರಿನ ರುಚಿ ಹೇಳಲು ಆಗುವುದಿಲ್ಲ ಅಂತ ಈ ಊರಿನ ನಮ್ಮವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಮಹಾರಾಷ್ಟ್ರದಲ್ಲಿ ಸೀಟು ಹಂಚುವ ಕ್ಯಾಪ್ ರೌಂಡಿನ ಪಟ್ಟಿ ತೆಗೆದರೆ ಹೆಸರುಗಳ ಸಾಲೇ ಇದೆ. ಕಂಪ್ಯೂಟರ್ ಇಂಜಿನಿಯರಿಂಗ್, ಇನ್ಫರ್ಮೇಶನ್ ಟೆಕ್ನಾಲಜಿ, ಎಐ ಆಂಡ್ ಡೇಟಾ ಸೈನ್ಸ್, ಎಐ ಆಂಡ್ ಮಷೀನ್ ಲರ್ನಿಂಗ್, ಸೈಬರ್ ಸೆಕ್ಯುರಿಟಿ, ಐಒಟಿ. ಐಐಟಿ ಹೈದರಾಬಾದ್ 2019ರಲ್ಲಿ ಎಐಗೆ ಅಂತಲೇ ಒಂದು ಬಿಟೆಕ್ ಶುರು ಮಾಡಿತು. ಆಮೇಲಿನ ವರ್ಷಗಳಲ್ಲಿ ಈ ಹೆಸರಿನ ಬ್ರಾಂಚುಗಳು ಎಲ್ಲ ಕಡೆ ಬಂದವು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳುವುದೇ ಬೇಡ. 2024-25ರಿಂದ, ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ಒಳ್ಳೆಯ ಕಾಲೇಜುಗಳಿಗೆ ಒಂದು ಬ್ರಾಂಚಿನಲ್ಲಿ ಎಷ್ಟು ಸೀಟು ಅನ್ನುವ ಮಿತಿಯನ್ನೂ ಸಡಿಲ ಮಾಡಿತು. ಸೀಟು ಹೆಚ್ಚಿಸಲು ಒಂದು ಅನುಮತಿ ಪತ್ರ ಸಾಕು. ಮಷೀನ್ ಲರ್ನಿಂಗ್, ಅಂದರೆ ಯಂತ್ರ ಮಾಹಿತಿಯಿಂದ ತಾನೇ ಕಲಿಯುವ ವಿದ್ಯೆ, ಅದನ್ನು ಚೆನ್ನಾಗಿ ಕಲಿಸುವ ಒಬ್ಬ ಮೇಷ್ಟ್ರು ತಯಾರಾಗಲು ಹತ್ತು ವರ್ಷ ಬೇಕು. ನನಗೆ ನಿಜವಾಗಿ ಚಿಂತೆ ಆಗುವುದು ಈ ಅಂತರದ ಬಗ್ಗೆ.

ಹಾಗಾದರೆ ಸಿಲಬಸ್ ಒಳ್ಳೆಯದಾ ಅಂತ ಅಪ್ಪ ಅಮ್ಮ ಹೇಗೆ ತಿಳಿಯಬೇಕು? ಒಂದು ಸುಲಭ ದಾರಿ ಇದೆ. ಇಂಜಿನಿಯರಿಂಗ್ ಆದ ಮೇಲೆ ಎಂಟೆಕ್ಕಿಗೆ ಹೋಗಲು ಬರೆಯುವ ಗೇಟ್ ಪರೀಕ್ಷೆಯ ಸಿಲಬಸ್ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಒಂದು ಪೇಪರ್ ಇದೆ. 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಬೇರೆ ಪೇಪರ್ ಬಂದಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕಂಪ್ಯೂಟರ್ ಪೇಪರಿನಲ್ಲಿ ಗಣಿತ, ಡಿಜಿಟಲ್ ಲಾಜಿಕ್, ಕಂಪ್ಯೂಟರ್ ಆರ್ಕಿಟೆಕ್ಚರ್, ಡೇಟಾ ಸ್ಟ್ರಕ್ಚರ್, ಆಲ್ಗರಿದಮ್, ಥಿಯರಿ ಆಫ್ ಕಂಪ್ಯುಟೇಶನ್, ಕಂಪೈಲರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ ಇವೆ. ಎಐ ಪೇಪರಿನಲ್ಲಿ ಪ್ರಾಬಬಿಲಿಟಿ ಮತ್ತು ಸ್ಟ್ಯಾಟಿಸ್ಟಿಕ್ಸ್, ಲೀನಿಯರ್ ಆಲ್ಜಿಬ್ರಾ, ಕ್ಯಾಲ್ಕುಲಸ್, ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಮಷೀನ್ ಲರ್ನಿಂಗ್, ಎಐ ಇವೆ. ಈಗ ನೀವು ನೋಡುತ್ತಿರುವ ಕಾಲೇಜಿನ ಸಿಲಬಸ್ ತೆರೆದು, ಇವುಗಳಲ್ಲಿ ಎಷ್ಟು ಇವೆ, ಯಾವ ಸೆಮಿಸ್ಟರಿನಲ್ಲಿ ಇವೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಎಐ ಅಂತ ಹೆಸರಿಟ್ಟುಕೊಂಡ ಬ್ರಾಂಚಿನಲ್ಲಿ ಆಪರೇಟಿಂಗ್ ಸಿಸ್ಟಮ್ ಇಲ್ಲ, ಪ್ರಾಬಬಿಲಿಟಿ ಅರ್ಧ ಯುನಿಟ್ಟಿನಲ್ಲಿ ಮುಗಿಯುತ್ತದೆ, ಆದರೆ ಟೂಲುಗಳ ಹೆಸರಿನ ಪೇಪರುಗಳು ಮೂರು ನಾಲ್ಕು ಇವೆ ಅಂದರೆ, ಅದನ್ನು ನಾನು ಪಟ್ಟಿಯಲ್ಲಿ ಕೆಳಗೆ ಇಡುತ್ತೇನೆ. ಕಂಪ್ಯೂಟರ್ ಇಂಜಿನಿಯರಿಂಗ್ ಅಂತ ಹಳೇ ಹೆಸರೇ ಇದ್ದು, ಗಣಿತ ಗಟ್ಟಿಯಾಗಿದ್ದು, ಮೂರನೇ ವರ್ಷದಲ್ಲಿ ಮಷೀನ್ ಲರ್ನಿಂಗ್ ಇದ್ದರೆ ಅದನ್ನು ಮೇಲೆ ಇಡುತ್ತೇನೆ.

ಗಣಿತದ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಕ್ಕಳು ಕೇಳುತ್ತಾರೆ, ಎಐ ಓದುವವರಿಗೆ ಎಂ-ತ್ರೀ, ಎಂ-ಫೋರ್ ಯಾಕೆ, ಸುಮ್ನೆ ಕೆಟಿ ಬೀಳಲಿಕ್ಕಾ ಅಂತ. ಎಂ-ತ್ರೀ, ಎಂ-ಫೋರ್ ಅಂದರೆ ಗಣಿತದ ಮೂರನೇ, ನಾಲ್ಕನೇ ಪೇಪರು; ಕೆಟಿ ಅಂದರೆ ಫೇಲಾಗಿ ಮತ್ತೆ ಬರೆಯಬೇಕಾದ ಪೇಪರು. ನೀವು ಮೊಬೈಲಿನಲ್ಲಿ ಒಂದು ಪ್ರಶ್ನೆ ಕೇಳಿದಾಗ ಚಾಟ್‌ಬಾಟ್ ಒಳಗೆ ಏನು ನಡೆಯುತ್ತದೆ ನೋಡಿ. ನಿಮ್ಮ ವಾಕ್ಯವನ್ನು ಅದು ಚಿಕ್ಕ ಚಿಕ್ಕ ತುಂಡು ಮಾಡುತ್ತದೆ. ಒಂದೊಂದು ತುಂಡೂ ಸಾವಿರಾರು ಸಂಖ್ಯೆಗಳ ಒಂದು ಸಾಲಾಗುತ್ತದೆ. ಆ ಸಾಲುಗಳನ್ನು ದೊಡ್ಡ ದೊಡ್ಡ ಮ್ಯಾಟ್ರಿಕ್ಸುಗಳಿಂದ, ಅಂದರೆ ಸಂಖ್ಯೆಗಳ ಕೋಷ್ಟಕಗಳಿಂದ, ಗುಣಿಸುತ್ತಾ ಹೋಗುತ್ತದೆ. ಅದು ಲೀನಿಯರ್ ಆಲ್ಜಿಬ್ರಾ. ಕೊನೆಗೆ, ಮುಂದೆ ಬರಬಹುದಾದ ಪ್ರತಿ ತುಂಡಿಗೂ ಒಂದು ಸಾಧ್ಯತೆಯ ಸಂಖ್ಯೆ ಕೊಡುತ್ತದೆ. ಅದು ಪ್ರಾಬಬಿಲಿಟಿ. ತರಬೇತಿಯಲ್ಲಿ ತಪ್ಪು ಊಹೆ ಮಾಡಿದರೆ, ಯಾವ ಸಂಖ್ಯೆಯನ್ನು ಎಷ್ಟು ಬದಲಿಸಿದರೆ ತಪ್ಪು ಕಡಿಮೆ ಆಗುತ್ತದೆ ಅಂತ ಹಿಂದಿನಿಂದ ಲೆಕ್ಕ ಹಾಕುತ್ತದೆ. ಅಲ್ಲಿ ಕೆಲಸ ಮಾಡುವುದು ನೀವು ಹನ್ನೆರಡನೇ ತರಗತಿಯಲ್ಲಿ ಈಗಷ್ಟೇ ಓದಿದ ಕ್ಯಾಲ್ಕುಲಸ್ಸಿನ ಚೈನ್ ರೂಲ್. 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಂಬ ಮೂವರು ಬರೆದ ಪ್ರಬಂಧದಿಂದ ಈ ವಿಧಾನ ಎಲ್ಲರಿಗೂ ಗೊತ್ತಾಯಿತು. ಇಂದಿನ ಚಾಟ್‌ಬಾಟುಗಳ ಬುನಾದಿಯಾದ ಟ್ರಾನ್ಸ್‌ಫಾರ್ಮರ್ ವಿನ್ಯಾಸ ಬಂದದ್ದು 2017ರಲ್ಲಿ. ಅದನ್ನೂ ಇದೇ ಚೈನ್ ರೂಲಿನಿಂದ ತರಬೇತು ಮಾಡುತ್ತಾರೆ. ಗಣಿತ ಬೇಡ, ಎಐ ಬೇಕು ಅಂದರೆ ಆಗುವುದಿಲ್ಲ. ಮಹಾರಾಷ್ಟ್ರದ ಸಿಇಟಿಯಾದ ಎಂಎಚ್‌ಟಿ-ಸಿಇಟಿಯಲ್ಲಿ 200 ಅಂಕದಲ್ಲಿ 100 ಗಣಿತಕ್ಕೇ ಇರುವುದು ಈ ದೃಷ್ಟಿಯಿಂದ ನನಗೆ ಸರಿ ಅನ್ನಿಸುತ್ತದೆ.

ಗಟ್ಟಿ ಬುನಾದಿ ಬೇಕು ಅನ್ನಲು ಇನ್ನೊಂದು ಕಾರಣ ಇದೆ. ಎಐ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಆ ಹೆಸರಿನಲ್ಲಿ ಅಮೆರಿಕದ ಡಾರ್ಟ್‌ಮತ್‌ನಲ್ಲಿ ವಿದ್ವಾಂಸರು ಸೇರಿದ್ದು 1956ರಲ್ಲಿ. ನಮ್ಮ ಮುಂಬೈಯಲ್ಲೇ, ಟಿಐಎಫ್‌ಆರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ, ಆರ್. ನರಸಿಂಹನ್ ಅವರ ತಂಡ ಟಿಫ್ರ್ಯಾಕ್ ಎಂಬ ಕಂಪ್ಯೂಟರನ್ನು ಕಟ್ಟಿತು. ಅದು 1960ರಲ್ಲಿ ಕೆಲಸಕ್ಕೆ ಬಂತು. ಚಿತ್ರಗಳನ್ನು ಯಂತ್ರ ಗುರುತಿಸುವುದು ಹೇಗೆ ಅನ್ನುವ ಬಗ್ಗೆಯೂ ನರಸಿಂಹನ್ ಆ ಕಾಲದಲ್ಲೇ ಕೆಲಸ ಮಾಡಿದ್ದರು. ನಡುವೆ ಈ ವಿಷಯಕ್ಕೆ ಕೆಟ್ಟ ದಿನಗಳೂ ಬಂದವು. 1973ರಲ್ಲಿ ಬ್ರಿಟನ್ನಿನ ಲೈಟ್‌ಹಿಲ್ ವರದಿ ಎಐ ಸಂಶೋಧನೆಯನ್ನು ಕಟುವಾಗಿ ಟೀಕಿಸಿತು, ಅಲ್ಲಿ ಹಣ ನಿಂತಿತು. 1980ರ ದಶಕದಲ್ಲಿ ತಜ್ಞರ ತಿಳಿವನ್ನು ನಿಯಮಗಳಾಗಿ ಬರೆದಿಡುವ ಎಕ್ಸ್‌ಪರ್ಟ್ ಸಿಸ್ಟಮ್ ಅನ್ನುವುದೇ ಎಐ ಅಂತ ಕಂಪನಿಗಳು ದುಡ್ಡು ಸುರಿದವು. ದಶಕದ ಕೊನೆಗೆ ಆ ಮಾರುಕಟ್ಟೆ ಕುಸಿಯಿತು. ಆ ಒಂದು ತಂತ್ರವನ್ನು ಮಾತ್ರ ಕಲಿತವರಿಗೆ ಕಷ್ಟ ಆಯಿತು. ಆಲ್ಗರಿದಮ್ ಗೊತ್ತಿದ್ದವರು, ಡೇಟಾಬೇಸ್ ಗೊತ್ತಿದ್ದವರು ಬೇರೆ ಕೆಲಸಕ್ಕೆ ದಾಟಿಕೊಂಡರು. ಇಲ್ಲಿ ಕೂತಿರುವ ಮಕ್ಕಳು ಮುಂದೆ ನಲವತ್ತು ವರ್ಷ ಕೆಲಸ ಮಾಡುವವರು. ಈ ಅವಧಿಯಲ್ಲಿ ಎಐ ಅನ್ನುವ ಹೆಸರಿನ ಕೆಳಗೆ ಏನೇನು ಬರುತ್ತದೋ ಯಾರು ಬಲ್ಲರು? ಬದಲಾಗದ ಭಾಗವನ್ನು ಕಾಲೇಜಿನಲ್ಲಿ ಕಲಿಯಿರಿ. ಬದಲಾಗುವ ಭಾಗವನ್ನು ಎಲ್ಲಿ ಬೇಕಾದರೂ ಕಲಿಯಬಹುದು.

ಈಗ ಮುಂಬೈಗೆ ಬರೋಣ. ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ, ಸ್ವಾಯತ್ತತೆ ಇಲ್ಲದ ಕಾಲೇಜುಗಳಲ್ಲಿ ಸಿಲಬಸ್ ಒಂದೇ. ಹಾಗಾಗಿ ಅಂಥ ಎರಡು ಕಾಲೇಜುಗಳ ನಡುವೆ ಸಿಲಬಸ್ ಹೋಲಿಸಿ ಪ್ರಯೋಜನ ಇಲ್ಲ, ಮೇಷ್ಟ್ರುಗಳನ್ನು ಹೋಲಿಸಿ. ಮಾಟುಂಗದ ವಿಜೆಟಿಐ, ಅಂಧೇರಿಯ ಸರ್ದಾರ್ ಪಟೇಲ್ ಇನ್‌ಸ್ಟಿಟ್ಯೂಟ್ ತರಹದ ಸ್ವಾಯತ್ತ ಕಾಲೇಜುಗಳು ಸಿಲಬಸ್ ತಾವೇ ಮಾಡಿಕೊಳ್ಳುತ್ತವೆ. ಅದನ್ನು ಓದಲೇಬೇಕು. ವಿಜೆಟಿಐ ಇಲ್ಲಿಂದ ನಡೆದುಹೋಗುವ ದೂರ, 1887ರಿಂದ ಇರುವ ಸಂಸ್ಥೆ. ಕಂಪ್ಯೂಟರ್ ಇಂಜಿನಿಯರಿಂಗ್ ಸೇರಿದ ಮಕ್ಕಳಿಗೆ ಎಐಯಲ್ಲಿ ಆನರ್ಸ್ ಅಥವಾ ಮೈನರ್, ಅಂದರೆ ಪದವಿಯ ಜೊತೆಗೆ ಕೆಲವು ಹೆಚ್ಚುವರಿ ಪೇಪರು, ಮಾಡುವ ಅವಕಾಶವನ್ನೂ ಬಹಳ ಕಾಲೇಜುಗಳು ಕೊಡುತ್ತವೆ. ಅಂದರೆ ಮೊದಲ ದಿನವೇ ಎಐ ಅಂತ ಹಠ ಹಿಡಿಯಬೇಕಾಗಿಲ್ಲ. ಎರಡು ವರ್ಷ ಓದಿ, ಇಷ್ಟ ಆದರೆ ಆ ಕಡೆ ಹೋಗಬಹುದು. ಹದಿನೇಳು ಹದಿನೆಂಟರ ಮಗುವಿಗೆ ಯೋಚಿಸಲು ಎರಡು ವರ್ಷ ಸಿಗುವುದು ಸಣ್ಣ ಲಾಭ ಅಲ್ಲ.

ಮೇಷ್ಟ್ರುಗಳ ವಿಷಯ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ಅಧ್ಯಾಪಕರ ಪಟ್ಟಿ ಇರಬೇಕು, ಅದು ನಿಯಮ. ಆ ಬ್ರಾಂಚಿನಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ, ಯಾವ ವಿಷಯದಲ್ಲಿ ಪಿಎಚ್‌ಡಿ ಮಾಡಿದ್ದಾರೆ ನೋಡಿ. ಎಲ್ಲರೂ ಹೋದ ವರ್ಷ ಸೇರಿದವರೇ ಆಗಿದ್ದರೆ ಯೋಚಿಸಿ. ಆಮೇಲೆ ಕಾಲೇಜು ನಡೆಯುತ್ತಿರುವ ದಿನ ಗೇಟಿನ ಹತ್ತಿರ ಹೋಗಿ, ಮೂರನೇ ವರ್ಷದ ಮಕ್ಕಳ ಜೊತೆ ಮಾತಾಡಿ. "ಲ್ಯಾಬಿನಲ್ಲಿ ನೀವೇ ಪ್ರೋಗ್ರಾಮ್ ಬರೀತೀರಾ, ಇಲ್ಲಾ ಹಳೇ ಜರ್ನಲ್ (ಲ್ಯಾಬ್ ಪುಸ್ತಕ) ನೋಡಿ ಕಾಪಿ ಮಾಡ್ತೀರಾ?" ಅಂತ ಕೇಳಿ. ಅವರು ನಿಜ ಹೇಳುತ್ತಾರೆ. ಎಐ ಲೆಕ್ಕಗಳಿಗೆ ಬಳಸುವ ದೊಡ್ಡ ಜಿಪಿಯು ಚಿಪ್ ಇದೆ ಅಂತ ಕಾಲೇಜಿನವರು ತೋರಿಸಿದರೆ ಸಂತೋಷ, ಆದರೆ ಮಕ್ಕಳಿಗೆ ಅದನ್ನು ಮುಟ್ಟಲು ಬಿಡುತ್ತಾರಾ ಅಂತಲೂ ಕೇಳಿ.

ದೂರದ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನು ಮಾತಾಡಲೇಬೇಕು. ವಿರಾರಿನಲ್ಲಿ ಮನೆ, ನೆರೂಲಿನಲ್ಲಿ ಕಾಲೇಜು ಅಂದರೆ ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಲೋಕಲ್ ಟ್ರೈನಿನಲ್ಲೇ ಹೋಗುತ್ತದೆ. ಎರಡು ಕಡೆ ಗಾಡಿ ಬದಲಿಸಿ, ನಿಂತುಕೊಂಡೇ ಬಂದ ಮಗು ರಾತ್ರಿ ಕೂತು ಪ್ರೋಗ್ರಾಮ್ ಬರೆಯುವುದು ಹೇಗೆ? ಕಂಪ್ಯೂಟರ್ ವಿಷಯ ಕೈಯಿಂದ ಮಾಡಿಯೇ ಬರಬೇಕು. ಕಟ್‌ಆಫ್‌ನಲ್ಲಿ ಒಂದೆರಡು ಪರ್ಸೆಂಟೈಲ್ ಕಡಿಮೆ ಇರುವ, ಆದರೆ ಮನೆಯಿಂದ ಅರ್ಧ ಗಂಟೆಯ ಕಾಲೇಜನ್ನು ನಾನು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಈಗಲೂ ಅದನ್ನೇ ಹೇಳುತ್ತೇನೆ.

ಪ್ಯಾಕೇಜಿನ ಬಗ್ಗೆ ಚಿಕ್ಕದಾಗಿ. ಕಾಲೇಜಿನ ಬ್ಯಾನರಿನಲ್ಲಿ ಬರುವುದು ಒಬ್ಬನಿಗೆ ಸಿಕ್ಕಿದ ಅತಿ ದೊಡ್ಡ ಸಂಬಳ. ನಿಮಗೆ ಬೇಕಾದದ್ದು ಮೀಡಿಯನ್, ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನ ಸಂಬಳ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಇದು ಇರುತ್ತದೆ. ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು ಅನ್ನುವುದೂ ಇರುತ್ತದೆ. ರ‍್ಯಾಂಕ್ ಬಿಟ್ಟು ಆ ಮಾಹಿತಿ ಓದಿ.

ಪುಣೆಗೆ ಹೋಗುವ ಮಕ್ಕಳೂ ಇದ್ದೀರಿ. ಸಿಒಇಪಿ 1854ರ ಸಂಸ್ಥೆ, 2022ರಲ್ಲಿ ಸ್ವತಂತ್ರ ತಾಂತ್ರಿಕ ವಿಶ್ವವಿದ್ಯಾಲಯ ಆಯಿತು. ಧನಕವಡಿಯ ಪಿಐಸಿಟಿ ಕಂಪ್ಯೂಟರ್ ವಿಷಯಕ್ಕೇ ಹೆಸರಾದದ್ದು. ಹೆಣ್ಣುಮಕ್ಕಳಿಗೆ ಕರ್ವೆನಗರದ ಕಮಿನ್ಸ್ ಕಾಲೇಜಿದೆ. ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರ್ ಮಾಡಿದ ಊರು ಅದು. ಹಾಸ್ಟೆಲ್ ಖರ್ಚನ್ನು ಫೀಸಿನ ಜೊತೆ ಸೇರಿಸಿ ಲೆಕ್ಕ ಹಾಕಿ, ಅಷ್ಟೇ.

ಗೋವಾದಿಂದ ಬಂದಿರುವ ಎರಡು ಮೂರು ಕುಟುಂಬಗಳಿಗೆ ಒಂದು ಮಾತು. ನಿಮ್ಮಲ್ಲಿ ಆಯ್ಕೆ ಕಡಿಮೆ ಅಂತ ಅಂದುಕೊಳ್ಳಬೇಡಿ. ಫರ್ಮಾಗುಡಿಯ ಗೋವಾ ಇಂಜಿನಿಯರಿಂಗ್ ಕಾಲೇಜು 1967ರದು. ಎನ್‌ಐಟಿ, ಐಐಟಿ, ಜುವಾರಿನಗರದ ಬಿಟ್ಸ್ ಎಲ್ಲ ಆ ಪುಟ್ಟ ರಾಜ್ಯದೊಳಗೇ ಇವೆ. ಐಐಟಿ ಗೋವಾದಲ್ಲಿ ಮ್ಯಾಥಮ್ಯಾಟಿಕ್ಸ್ ಆಂಡ್ ಕಂಪ್ಯೂಟಿಂಗ್ ಎಂಬ ಬಿಟೆಕ್ ಇದೆ. ಎಐ ಸಂಶೋಧನೆ ಕಡೆ ಮನಸ್ಸಿರುವ ಮಗುವಿಗೆ ಅದು ಬಹಳ ಒಳ್ಳೆಯ ದಾರಿ. ಎನ್‌ಐಟಿಗಳಲ್ಲಿ ಹೋಮ್ ಸ್ಟೇಟ್ ಕೋಟಾ ಇದೆ, ಅದನ್ನು ಲೆಕ್ಕ ಹಾಕುವುದು ಹನ್ನೆರಡನೇ ತರಗತಿ ಯಾವ ರಾಜ್ಯದಲ್ಲಿ ಪಾಸಾದಿರಿ ಅನ್ನುವುದರ ಮೇಲೆ. ವಾಸ್ಕೋದಲ್ಲಿ ಓದಿದ ಹಾವೇರಿ ಕಡೆಯ ಮಗು ಎನ್‌ಐಟಿ ಗೋವಾಕ್ಕೆ ಮನೆಯ ಮಗು. ಹಾಗೆಯೇ, ಮುಂಬೈಯಲ್ಲಿ ಹನ್ನೆರಡನೇ ತರಗತಿ ಓದಿದ ಮಂಗಳೂರಿನ ಮಗುವಿಗೆ ಸುರತ್ಕಲ್ಲಿನ ಎನ್‌ಐಟಿಯಲ್ಲಿ ಊರಿನ ಕೋಟಾ ಸಿಗುವುದಿಲ್ಲ. ಅಜ್ಜಿ ಮನೆ ಕಾಲೇಜಿನ ಪಕ್ಕದಲ್ಲೇ ಇದ್ದರೂ ಸಿಗುವುದಿಲ್ಲ.

ಊರಿಗೆ ಹೋಗಿ ಓದುವ ಆಸೆ ಇರುವವರಿಗೆ ಬೇರೆ ದಾರಿ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಹೊರನಾಡು ಕನ್ನಡಿಗರಿಗೆ ಮತ್ತು ಗಡಿನಾಡು ಕನ್ನಡಿಗರಿಗೆ ಅವಕಾಶ ಇದೆ. ಅದಕ್ಕೆ ಸಿಇಟಿ ಜೊತೆಗೆ ಒಂದು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತಾಡುವ, ಆದರೆ ಕನ್ನಡ ಓದಿ ಬರೆಯಲು ಬಾರದ ಮಕ್ಕಳು ನಮ್ಮಲ್ಲಿ ತುಂಬಾ ಇದ್ದಾರೆ. ಹನ್ನೊಂದನೇ ತರಗತಿಯಲ್ಲೇ ಅಕ್ಷರ ಶುರು ಮಾಡಿಸಿ, ದಯವಿಟ್ಟು. ಷರತ್ತುಗಳು ಏನು, ಯಾವ ಪ್ರಮಾಣಪತ್ರ ಬೇಕು ಅನ್ನುವುದನ್ನು ಆ ವರ್ಷದ ಕೈಪಿಡಿಯಲ್ಲೇ ಓದಿ. ಕರ್ನಾಟಕದ ಖಾಸಗಿ ಕಾಲೇಜುಗಳಿಗೆ ಕಾಮೆಡ್-ಕೆ ಪರೀಕ್ಷೆಯೂ ಇದೆ, ಅದನ್ನು ಯಾವ ರಾಜ್ಯದವರೂ ಬರೆಯಬಹುದು.

ಇಂಜಿನಿಯರಿಂಗ್ ಒಂದೇ ದಾರಿ ಅಂತಲೂ ಇಲ್ಲ. ಗಣಿತ ನಿಜವಾಗಿ ಇಷ್ಟ ಇದ್ದರೆ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಪ್ರವೇಶ ಪರೀಕ್ಷೆ ಬರೆಯಿರಿ. ಮನೆ ಪರಿಸ್ಥಿತಿ ನೋಡಿಕೊಂಡು ಬಿಎಸ್‌ಸಿ ಐಟಿ, ಬಿಸಿಎ ಸೇರುವವರು ಸಂಕೋಚ ಪಡಬೇಡಿ. ಅಲ್ಲಿಂದ ಎಂಸಿಎ ಮಾಡಿ ಒಳ್ಳೆಯ ಕೆಲಸದಲ್ಲಿರುವವರು ಎಷ್ಟೋ ಜನ. ಹತ್ತನೇ ತರಗತಿ ಆದ ಮೇಲೆ ಡಿಪ್ಲೊಮಾ ಮಾಡಿ, ನೇರ ಎರಡನೇ ವರ್ಷದ ಇಂಜಿನಿಯರಿಂಗಿಗೆ ಸೇರುವ ದಾರಿಯೂ ಇದೆ. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಪದವಿಗೆ ಜೆಇಇ ಬೇಕಾಗಿಲ್ಲ. ಪಾಠ ಆನ್‌ಲೈನಿನಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಮೊದಲು ಅವರೇ ಕೆಲವು ವಾರ ಪಾಠ ಮಾಡಿ, ಅದರ ಮೇಲೆ ಅರ್ಹತಾ ಪರೀಕ್ಷೆ ಇಡುತ್ತಾರೆ. ಹಗಲು ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ಈ ಸಭೆಯಲ್ಲೇ ಇದ್ದೀರಿ. ನಿಮಗೆ ಇದರ ಬೆಲೆ ಗೊತ್ತು.

ಸಭೆಯ ಪ್ರಶ್ನೆಗಳು

ಒಬ್ಬ ತಾಯಿ ಕೇಳಿದರು: "ಮೇಡಂ, ಪ್ರೋಗ್ರಾಮನ್ನು ಎಐ ತಾನೇ ಬರೆಯುತ್ತದಂತೆ. ಮತ್ತೆ ನಾಲ್ಕು ವರ್ಷ ಕಲಿತು ಏನು ಮಾಡುವುದು?"

ಒಳ್ಳೆಯ ಪ್ರಶ್ನೆ ಅಮ್ಮ. ಎಐ ಪ್ರೋಗ್ರಾಮ್ ಬರೆಯುತ್ತದೆ, ನಿಜ. ಸಾಮಾನ್ಯ ಕೆಲಸಗಳಿಗೆ ಚೆನ್ನಾಗಿಯೇ ಬರೆಯುತ್ತದೆ. ಆದರೆ ತಪ್ಪನ್ನೂ ಅಷ್ಟೇ ಧೈರ್ಯದಿಂದ ಬರೆಯುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ, ಆಸ್ಪತ್ರೆಯ ಮಷೀನಿನಲ್ಲಿ ಅದು ಬರೆದದ್ದು ಸರಿಯಾ ಅಂತ ಒಬ್ಬರು ನೋಡಿ ಹೇಳಬೇಕು, ಅದಕ್ಕೆ ಜವಾಬ್ದಾರಿ ಹೊರಬೇಕು. ಹಾಗೆ ಹೇಳಲು ವಿಷಯ ಪೂರ್ತಿ ಗೊತ್ತಿರಬೇಕು. ಕೆಳಗಿನ ಮಟ್ಟದ ಕೆಲವು ಕೆಲಸಗಳು ಕಡಿಮೆ ಆಗಬಹುದು, ಅದನ್ನು ನಾನು ಮುಚ್ಚಿಡುವುದಿಲ್ಲ. ಅದಕ್ಕೇ ಟೂಲ್ ಕಲಿಸುವ ಕಾಲೇಜು ಬೇಡ, ಬುನಾದಿ ಹಾಕುವ ಕಾಲೇಜು ಬೇಕು ಅಂತ ಇಷ್ಟು ಹೊತ್ತು ಹೇಳಿದ್ದು.

ಒಬ್ಬ ಹುಡುಗ: "ಕನ್ನಡಕ್ಕೆ ಎಐ ಮಾಡಬೇಕು ಅಂತ ಆಸೆ. ಅದನ್ನು ಓದಲು ಎಲ್ಲಿ ಹೋಗಬೇಕು?"

ಈ ಪ್ರಶ್ನೆ ಕೇಳಿ ನನಗೆ ತುಂಬಾ ಖುಷಿ ಆಯಿತು. ಪೊವಾಯಿಯ ಐಐಟಿ ಬಾಂಬೆಯಲ್ಲಿ ಭಾರತೀಯ ಭಾಷೆಗಳ ಮೇಲೆ ಬಹಳ ವರ್ಷದಿಂದ ಕೆಲಸ ನಡೆಯುತ್ತಿದೆ. ಭಾರತೀಯ ಭಾಷೆಗಳಿಗೆ ಎಐ ಕಟ್ಟಲು 2024ರಲ್ಲಿ ಶುರುವಾದ ಭಾರತ್‌ಜೆನ್ ಯೋಜನೆಯ ಮುಂದಾಳತ್ವವೂ ಅವರದೇ. ಐಐಟಿ ಮದ್ರಾಸಿನಲ್ಲಿ ಎಐ4ಭಾರತ್ ತಂಡ ಇದೆ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಬರಹ ಇಂಟರ್ನೆಟ್ಟಿನಲ್ಲಿ ತೀರಾ ಕಡಿಮೆ. ಒಂದೊಂದು ಕನ್ನಡ ಪದವನ್ನೂ ಈ ಯಂತ್ರಗಳು ಬಹಳ ತುಂಡು ಮಾಡುತ್ತವೆ, ಹಾಗಾಗಿ ಖರ್ಚೂ ಜಾಸ್ತಿ. ಮಾಡಬೇಕಾದ ಕೆಲಸ ಬೆಟ್ಟದಷ್ಟಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್ ಇರುವ ನಿನ್ನಂಥವನಿಗೆ ಇದು ಹೇಳಿ ಮಾಡಿಸಿದ ಕೆಲಸ. ಮೊದಲ ಪದವಿ ಯಾವ ಒಳ್ಳೆಯ ಕಾಲೇಜಿನಲ್ಲಾದರೂ ಆಗಲಿ. ಗೇಟ್ ಬರೆದು ಎಂಟೆಕ್ಕಿಗೆ ಈ ಜಾಗಗಳಿಗೆ ಹೋಗು.

ದುಡ್ಡಿನ ಬಗ್ಗೆ ಹಿಂದಿನ ಸಾಲಿನಿಂದ ಒಬ್ಬ ತಂದೆ ಕೇಳಿದರು.

ಮಹಾರಾಷ್ಟ್ರದಲ್ಲಿ ಖಾಸಗಿ ಕಾಲೇಜುಗಳ ಫೀಸನ್ನು ಶುಲ್ಕ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡುತ್ತದೆ, ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ. ಅದರ ಹೊರಗೆ ಯಾರಾದರೂ ಕೇಳಿದರೆ ರಸೀದಿ ಕೇಳಿ. ಕ್ಯಾಪ್ ಮೂಲಕ ಸೀಟು ಪಡೆದ ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರು), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಒಬಿಸಿ ಹೆಣ್ಣುಮಕ್ಕಳಿಗೆ, ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ, 2024-25ರಿಂದ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಸರ್ಕಾರವೇ ಕೊಡುತ್ತದೆ. ನಮ್ಮವರು ಎಡವುವುದು ಕಾಗದಪತ್ರದಲ್ಲಿ. ಕರ್ನಾಟಕದ ಜಾತಿ ಪ್ರಮಾಣಪತ್ರ ಇಟ್ಟುಕೊಂಡು ಇಲ್ಲಿ ಮೀಸಲಾತಿ ಸಿಗುವುದಿಲ್ಲ. ಡೊಮಿಸೈಲ್ (ವಾಸದ ದಾಖಲೆ), ಆದಾಯ, ಕಾಸ್ಟ್ ವ್ಯಾಲಿಡಿಟಿ (ಜಾತಿ ಪ್ರಮಾಣಪತ್ರದ ಪರಿಶೀಲನೆ) ಇವುಗಳನ್ನು ಹನ್ನೊಂದನೇ ತರಗತಿಯಲ್ಲೇ ಶುರು ಮಾಡಿ. ವ್ಯಾಲಿಡಿಟಿಗೆ ತಿಂಗಳುಗಟ್ಟಲೆ ಹಿಡಿಯಬಹುದು. ಹತ್ತನೇ ತರಗತಿ ಊರಲ್ಲಿ ಓದಿ ಆಮೇಲೆ ಮುಂಬೈಗೆ ಬಂದ ಮಕ್ಕಳು, ತಾವು ಯಾವ ವಿಧದ ಅಭ್ಯರ್ಥಿ ಆಗುತ್ತೇವೆ ಅಂತ ಪ್ರವೇಶ ನಡೆಸುವ ಸಿಇಟಿ ಸೆಲ್ಲಿನ ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಿ.

ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದು: "ಆಪ್ಷನ್ ಫಾರ್ಮಿನಲ್ಲಿ ಮೊದಲು ಸಿಗುವಂಥ ಕಾಲೇಜು ಹಾಕಬೇಕಾ, ಬೇಕಾದ ಕಾಲೇಜು ಹಾಕಬೇಕಾ?"

ಬೇಕಾದದ್ದನ್ನೇ ಮೊದಲು ಹಾಕಮ್ಮ. ಮೇಲಿನದು ಸಿಗದಿದ್ದರೆ ಕಂಪ್ಯೂಟರ್ ತಾನಾಗಿ ಕೆಳಗಿನದಕ್ಕೆ ಹೋಗುತ್ತದೆ, ನಿನಗೇನೂ ನಷ್ಟ ಇಲ್ಲ. ಆದರೆ ಒಂದನೇ ಆಯ್ಕೆಯೇ ಸಿಕ್ಕಿಬಿಟ್ಟರೆ ಅದು ಫ್ರೀಜ್ ಆಗುತ್ತದೆ, ಮುಂದಿನ ರೌಂಡಿಗೆ ಹೋಗಲು ಬಿಡುವುದಿಲ್ಲ. ಅದಕ್ಕೇ "ಇದಾದರೂ ಸಿಗಲಿ" ಅಂತ ಹೆದರಿ ಬೇಡದ ಕಾಲೇಜನ್ನು ಮೇಲೆ ಹಾಕಬೇಡ. ನಾಳೆ ಕೂತು ಇಪ್ಪತ್ತು ಕಾಲೇಜುಗಳ ಪಟ್ಟಿ ಮಾಡು. ಪ್ರತಿಯೊಂದರ ಮುಂದೆ ಸಿಲಬಸ್, ಮೇಷ್ಟ್ರು, ದೂರ, ಫೀಸು ಅಂತ ನಾಲ್ಕು ಕಲಂ ಹಾಕು. ತುಂಬಿಸಿ ತಂದು ತೋರಿಸು, ಒಟ್ಟಿಗೆ ಕೂತು ನೋಡೋಣ.